ಬೆಳ್ಳಿ ನೀರಿನ ನಾಲ್ಕನೇ ಸೀಸೆ

ಆ ಮಂಗಳವಾರ ಹನ್ನೊಂದೂವರೆಯ ಹೊತ್ತಿಗೆ ಭಾಗ್ಯ ಮಕ್ತಲ್‌ನ ಬುಚ್ಚಮ್ಮನ ಮನೆಯ ಹೊಸ್ತಿಲಿಗೆ ಬಂದು ನಿಂತಾಗ ಅವಳ ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಇನ್ನೊಂದು ಶೇರ್ ಆಟೋದಲ್ಲಿ ಉಳಿಯಿತೋ, ದಾರಿಯಲ್ಲಿ ಬಿತ್ತೋ ಅವಳಿಗೇ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ಹಸಿ ತೊಗರಿಕಾಯಿ ಸುಲಿಯುತ್ತಿದ್ದ ಈಶ್ವರಿ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದರು.

"ದೊಡ್ಡವ್ವಾ, ನನ್ನ ಕಳ್ಳಿ ಅಂದ್ರು," ಎಂದಳು ಭಾಗ್ಯ. ಅಷ್ಟು ಹೇಳಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

"ಮೊದ್ಲ ಒಳಗ ಬಂದು ನೀರು ಕುಡಿ," ಎಂದರು ಬುಚ್ಚಮ್ಮ. "ಕಳ್ಳಿ ಅಂದೋರು ಎಲ್ಲಿಗೂ ಓಡಿ ಹೋಗಂಗಿಲ್ಲ. ಅವರನ್ನ ಆಮ್ಯಾಲೆ ನೋಡೂಣು."

ಬುಚ್ಚಮ್ಮ ಗದ್ವಾಲದ ಸರ್ಕಾರಿ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವರು. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಹಲ್ಲಿನ ಡಾಕ್ಟರ ಕೋಣೆಯಲ್ಲೇ ಕಳೆದಿದ್ದರು. ನಿವೃತ್ತರಾಗಿ ಮಕ್ತಲ್‌ಗೆ ಬಂದ ಮೇಲೆ, ಪೊಲೀಸರ ಹತ್ತಿರ ಹೋಗಲು ಹೆದರುವ ಜನ ಅವರ ಬಾಗಿಲಿಗೆ ಬರುವುದು ರೂಢಿಯಾಗಿತ್ತು. ಕಳೆದುಹೋದ ಎಮ್ಮೆಯಿಂದ ಹಿಡಿದು ಸುಳ್ಳು ಹೆಬ್ಬೆಟ್ಟಿನವರೆಗೆ ಎಷ್ಟೋ ತೊಡಕುಗಳನ್ನು ಅವರು ಆ ಪಡಸಾಲೆಯಲ್ಲೇ ಬಿಡಿಸಿದ್ದರು. ಪಕ್ಕದ ಓಣಿಯ ಈಶ್ವರಿ ನಿವೃತ್ತ ಶಿಕ್ಷಕಿ. ಎಂಟು ವರ್ಷಗಳಿಂದ ಇಂಥ ಎಲ್ಲ ಕೆಲಸಕ್ಕೂ ಬುಚ್ಚಮ್ಮನ ಜೊತೆಗಾತಿ. ತಾನು ಜಾಣೆಯೆಂದು ಈಶ್ವರಿ ಎಂದೂ ತಿಳಿದವರಲ್ಲ. ಜನರು ಒಬ್ಬರಿಗೊಬ್ಬರು ಮಾಡುವ ಸಣ್ಣಪುಟ್ಟ ಉಪಕಾರಗಳು ಮಾತ್ರ ಅವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ.

ನೀರು ಕುಡಿದ ಮೇಲೆ ಭಾಗ್ಯ ವಿಷಯ ಹೇಳಿದಳು. ಅವಳು ಕೆಲಸ ಮಾಡುತ್ತಿದ್ದುದು ಒಂದು ದಂತ ಕಾಲೇಜಿನ ಅಧ್ಯಯನದಲ್ಲಿ. ಸುತ್ತಲ ಆರು ಶಾಲೆಗಳಲ್ಲಿ ಹುಳುಕು ಹಲ್ಲಿನ ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಹುಳುಕನ್ನು ಕೆರೆದು ಸಿಮೆಂಟು ತುಂಬುವುದು, ಇನ್ನೊಂದಕ್ಕೆ ಬೆಳ್ಳಿ ಬೆರೆತ ಒಂದು ದ್ರವವನ್ನು ಕುಂಚದಿಂದ ಸವರುವುದು. ಸೂಜಿಯಿಲ್ಲ, ಯಂತ್ರದ ಸದ್ದಿಲ್ಲ. ಒಂದು ಹನಿ, ಒಂದು ನಿಮಿಷ. ಹುಳುಕು ಅಲ್ಲಿಗೇ ನಿಲ್ಲುತ್ತದೆ, ಆದರೆ ಕೆಟ್ಟ ಭಾಗ ಕಾಡಿಗೆಯಂತೆ ಕಪ್ಪಾಗುತ್ತದೆ. ಬೇರೆ ದೇಶಗಳಲ್ಲಿ ಇದರ ಪರೀಕ್ಷೆ ಬೇಕಾದಷ್ಟು ನಡೆದಿದೆ. ಇಲ್ಲಿನ ಮಕ್ಕಳ ಹಲ್ಲಿಗೆ ಎರಡರಲ್ಲಿ ಯಾವುದು ಹೆಚ್ಚು ಬಾಳುತ್ತದೆ, ಕಪ್ಪು ಹಲ್ಲನ್ನು ತಾಯಂದಿರು ಒಪ್ಪುತ್ತಾರೋ ಇಲ್ಲವೋ ಎಂದು ಅಧ್ಯಯನ ನಡೆಸುತ್ತಿದ್ದ ಡಾಕ್ಟರ್ ನರೇಂದ್ರ ತಿಳಿಯಬೇಕೆಂದಿದ್ದರು. ಮಕ್ಕಳು ಅದನ್ನು ಬೆಳ್ಳಿ ನೀರು ಎನ್ನುತ್ತಿದ್ದರು.

ಭಾಗ್ಯ ಕುರುಬರ ಮನೆಯ ಹೆಣ್ಣುಮಗಳು. ಡಾಕ್ಟರೋ ಅವರ ವಿದ್ಯಾರ್ಥಿಗಳೋ ಔಷಧ ಸವರುವಾಗ ಮಗುವಿನ ತಲೆ ಹಿಡಿದು, "ಹಟ್ಟಿ ಬಾಗಿಲಾಗ ಕುರಿ ಬರಾಕತ್ಯಾವ, ಎಣಿಸು ನೋಡೂಣು," ಎನ್ನುವಳು. ಅರವತ್ತು ಕುರಿ ಒಳಗೆ ಬರುವಷ್ಟರಲ್ಲಿ ನಿಮಿಷ ಮುಗಿಯುತ್ತಿತ್ತು. ಎಷ್ಟು ರಚ್ಚೆ ಹಿಡಿದ ಮಗುವೂ ಅವಳ ಕೈಯಲ್ಲಿ ಸುಮ್ಮನಾಗುತ್ತಿತ್ತು.

"ಇವತ್ತು ಒಂದು ಸೀಸಿ ಇಲ್ಲ," ಎಂದಳು. "ಬೀರು ಬೀಗ ಒಡದಿಲ್ಲ. ಒಂದು ಕೀಲಿಕೈ ನನ್ನ ಕೊಳ್ಳಾಗ, ಒಂದು ಸೂಪರ್‌ವೈಜರ್ ಸುರೇಂದರ್ ಸಾರ್ ಹತ್ರ. ನಾಳೆ ಡಾಕ್ಟರ್ ಸಾರ್ ಹೈದರಾಬಾದಿಂದ ಬರ್ತಾರ. ಅಷ್ಟೊತ್ತಿಗೆ ಸೀಸಿ ಸಿಗಲಿಲ್ಲಂದ್ರ ನನ್ನ ಮ್ಯಾಲೆ ಕಂಪ್ಲೇಂಟು. ಕೆಲಸ ಹೋದ್ರ ಹೋಗ್ಲಿ ದೊಡ್ಡವ್ವಾ, ಕೂಲಿ ಮಾಡ್ತೀನಿ. ಕಳ್ಳಿ ಅನಿಸಿಕೊಂಡ ಮ್ಯಾಲೆ ಯಾವ ತಾಯಿ ತನ್ನ ಕೂಸಿನ ಬಾಯಿಗೆ ನನ್ನ ಕೈ ಹಾಕಾಕ ಬಿಡ್ತಾಳ?"

ಬುಚ್ಚಮ್ಮ ಅವಳ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು ನೋಡಿದರು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ತುದಿ ಡಾಂಬರು ಹಚ್ಚಿದಷ್ಟು ಕಪ್ಪಾಗಿದ್ದವು.

"ಇದೇನವ್ವ?"

"ನಿನ್ನೆ ಬ್ಯಾರೆ ಸಾಲ್ಯಾಗ ಒಂದು ಹುಡುಗ ಕಚ್ಚಿತ್ರಿ. ಗ್ಲೌಸು ಹರದಿದ್ದು ಗೊತ್ತಾಗ್ಲಿಲ್ಲ. ಇವತ್ತು ಮುಂಜಾನೆ ಎದ್ದು ನೋಡಿದ್ರ ಹಿಂಗ. ಬೆರಳೇ ಸಾಕ್ಷಿ ಅಂತಾರ ಸುರೇಂದರ್ ಸಾರ್."

ಬುಚ್ಚಮ್ಮ ಚೀಲ ಹೆಗಲಿಗೇರಿಸಿದರು.

ಭಾಗ್ಯಳ ಊರಿನ ಶಾಲೆ ಮಕ್ತಲ್‌ನಿಂದ ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿ. ಅವರು ಮುಟ್ಟಿದಾಗ ಹನ್ನೆರಡು ದಾಟಿತ್ತು. ಹಿಂದಿನ ಭಾನುವಾರವಷ್ಟೇ ಪಂಚಾಯತಿ ಚುನಾವಣೆ ಮುಗಿದಿತ್ತು. ಸೋತವರ ಪೋಸ್ಟರುಗಳೂ ಗೆದ್ದವರ ಪೋಸ್ಟರುಗಳೂ ಕಾಂಪೌಂಡಿನ ಗೋಡೆಯ ಮೇಲೆ ಒಟ್ಟಿಗೇ ಒಣಗುತ್ತಿದ್ದವು. ಸುರೇಂದರ್ ಆಫೀಸು ಕೋಣೆಯ ಬಾಗಿಲಲ್ಲೇ ನಿಂತಿದ್ದ. ಮೂವತ್ತು ದಾಟದ, ಅಚ್ಚುಕಟ್ಟಾದ ಮನುಷ್ಯ.

"ಓಡಿ ಹೋಗಿದ್ದಳಲ್ಲ, ಬಂದಳೇನು?" ಎಂದ. "ಇಬ್ಬರು ವಕೀಲರನ್ನ ಬ್ಯಾರೆ ಕರಕೊಂಡು ಬಂದಾಳ."

"ವಕೀಲರಾಗಿದ್ರ ಫೀಜು ಕೇಳ್ತಿದ್ವಿ," ಎಂದರು ಬುಚ್ಚಮ್ಮ. "ನಮಗ ಕುರ್ಚಿ ಕೊಟ್ರ ಸಾಕು."

ಹೊರಗಿನಿಂದ ಒಬ್ಬರು ಎರಡು ಕುರ್ಚಿಗಳನ್ನು ಎತ್ತಿ ತಂದಿಟ್ಟರು. ಹೆಡ್ ಮಾಸ್ತರ್ ಶೇಖರ್. ಐವತ್ತರ ಆಸುಪಾಸು, ಮೆಲ್ಲನೆಯ ದನಿ. ಭಾಗ್ಯಳ ಒಂಟಿ ಚಪ್ಪಲಿಯನ್ನು ಅವರೊಬ್ಬರೇ ಗಮನಿಸಿದರು. ಏನೂ ಹೇಳದೆ ಮೂಲೆಯಲ್ಲಿದ್ದ ತಮ್ಮ ರಬ್ಬರ್ ಚಪ್ಪಲಿಗಳನ್ನು ಕಾಲಿನಿಂದ ಅವಳ ಕಡೆಗೆ ಸರಿಸಿದರು. ಆಮೇಲೆ ಟೇಬಲ್ಲಿನ ಮೇಲಿದ್ದ ಮೋಸಂಬಿಯೊಂದನ್ನು ಸುಲಿದು, ನಾರು ತೆಗೆದು, ಎಸಳೆಸಳು ಬಿಡಿಸಿ ಈಶ್ವರಿಯ ಅಂಗೈಯಲ್ಲಿಟ್ಟರು.

"ಬಿಸಿಲಾಗ ಬಂದೀರಿ. ಮುಖ ಬಾಡೇತಿ, ತಿನ್ರಿ ಅಕ್ಕೋರ."

ಅವರ ಬಲಗೈ ಬೆರಳ ಗೆರೆಗಳಲ್ಲಿ ಸೀಮೆಸುಣ್ಣದ ಬಿಳಿಪು ಬಿಟ್ಟರೆ ಬೇರೇನೂ ಇರಲಿಲ್ಲ. ಇಂಥ ಮಾಸ್ತರರಿದ್ದರೆ ಮಕ್ಕಳು ಶಾಲೆ ತಪ್ಪಿಸುವುದಿಲ್ಲ ಎಂದುಕೊಂಡರು ಈಶ್ವರಿ.

ಬುಚ್ಚಮ್ಮ ಕೋಣೆಯನ್ನು ಸುತ್ತ ನೋಡಿದರು. ಗೋಡೆಗೆ ಎರಡು ಕಬ್ಬಿಣದ ಬೀರುಗಳು. ಒಂದೇ ಎತ್ತರ, ಒಂದೇ ಬೂದು ಬಣ್ಣ. ಎರಡರ ಮೇಲೂ ಒಬ್ಬ ದಾನಿಯ ಹೆಸರು. ಒಂದರಲ್ಲಿ ಶಾಲೆಯ ಹಾಜರಿ ಪುಸ್ತಕಗಳು. ಇನ್ನೊಂದನ್ನು ಖಾಲಿ ಮಾಡಿ ಅಧ್ಯಯನದವರಿಗೆ ಕೊಟ್ಟಿದ್ದರು.

"ಸೀಸೆ ಕಡೀಗೆ ಯಾವಾಗ ಇತ್ತು?" ಎಂದರು ಬುಚ್ಚಮ್ಮ.

"ಒಂಬತ್ತೂವರಿಗೆ ನಾಕು ಇದ್ವು," ಎಂದ ಸುರೇಂದರ್. "ದಿನಾ ಮುಂಜಾನೆ ಸೀಸೆ ಸಾಲಾಗಿಟ್ಟು, ತಾರೀಕು ಬರದ ಚೀಟಿ ಪಕ್ಕಕ್ಕ ಹಿಡದು ಫೋಟೋ ಕಳಿಸಬೇಕು. ನಮ್ಮ ಪದ್ಧತಿ ಅದು. ಈಕಿ ಕಳಿಸ್ಯಾಳ, ನನ್ನ ಫೋನ್ಯಾಗ ಐತಿ. ಹನ್ನೊಂದಕ್ಕ ನಾ ಬಂದು ಬೀರು ತಗದ್ರ ಮೂರು."

"ನಡುವ?"

ಒಂಬತ್ತೂಮುಕ್ಕಾಲಿನಿಂದ ಭಾಗ್ಯ ಅಂಗಳದಲ್ಲಿ ಮಕ್ಕಳಿಗೆ ಹಲ್ಲುಜ್ಜುವುದನ್ನು ತೋರಿಸುತ್ತಿದ್ದಳು. ಹೆಡ್ ಮಾಸ್ತರರು ಐದನೇ ಕ್ಲಾಸಿನಲ್ಲಿದ್ದು, ಹಾಜರಿ ಪುಸ್ತಕಕ್ಕೆಂದು ಒಂದೆರಡು ಸಲ ಆಫೀಸಿಗೆ ಬಂದು ಹೋಗಿದ್ದರು. ಅಡುಗೆಯ ಮೊಗುಲಮ್ಮ ಎಣ್ಣೆ ಡಬ್ಬಿಗೆಂದು ಒಮ್ಮೆ ಬಂದಿದ್ದಳು.

ಹೆಸರು ಕಿವಿಗೆ ಬಿದ್ದೊಡನೆ ಮೊಗುಲಮ್ಮ ಬಾಗಿಲಲ್ಲಿ ಪ್ರತ್ಯಕ್ಷಳಾದಳು. ಸೌದೆ ಒಲೆಯ ಮಸಿಯಿಂದ ಅವಳ ಹತ್ತೂ ಬೆರಳು ಕಪ್ಪು.

"ನನ್ನ ಹೆಸರು ಬಂತೇನು? ಬರ್ಲಿ ಬರ್ಲಿ. ಕರಿ ಬೆರಳಿದ್ದೋರೆಲ್ಲ ಕಳ್ಳರು ಅಂದ್ರ ಊರಿಗೆ ಊರೇ ಜೈಲಿಗೆ ಹೋಗಬೇಕು. ನೋಡ್ರಿ, ಮೊನ್ನೆ ಎಲ್ಲಾರೂ ಓಟು ಹಾಕ್ಯಾರ." ಎಡಗೈ ತೋರುಬೆರಳು ಎತ್ತಿ ಶಾಯಿಯ ಗೆರೆ ತೋರಿಸಿದಳು. "ಹೌದು, ನನ್ನ ಗಂಡಗ ಹಲ್ಲು ಬ್ಯಾನಿ ಅಂತ ಈ ಸಾರ್ನ ಒಂದು ಹನಿ ಕೇಳಿದ್ದೆ. ಇವರು ಕೊಡಲಿಲ್ಲ. ಲವಂಗ ಇಟಗೊಂಡು ಮಲಗ್ಯಾನ. ಅದಕ್ಕ ನಾ ಕಳ್ಳಿ ಏನು?"

"ಊರಾಗ ಯಾರು ಕೇಳಿಲ್ಲ ಹೇಳ್ರಿ," ಎಂದ ಸುರೇಂದರ್. "ಎಲ್ಲಾರಿಗೂ ಒಂದೇ ಜವಾಬು. ಲಿಸ್ಟಿನಾಗ ಹೆಸರಿಲ್ಲ ಅಂದ್ರ ಔಷಧ ಇಲ್ಲ. ಅಧ್ಯಯನ ಅಂದ್ರ ಅದು. ಹನಿ ಹನಿಗೂ ಲೆಕ್ಕ ಐತಿ."

"ಅದು ಖರೆ," ಎಂದರು ಬುಚ್ಚಮ್ಮ. "ಆದ್ರ ಆ ಸೀಸೆ ಈಗ ಯಾರದೋ ಮನ್ಯಾಗ ಐತಿ. ಒಂದು ಹನಿ ಔಷಧ. ಕೂಸು ಗುಟುಕು ಕುಡದ್ರ ವಿಷ. ಲೆಕ್ಕಕ್ಕಿಂತ ಮೊದ್ಲ ಅದು ನೆನಪಿರ್ಲಿ."



ನಂತರ ಬುಚ್ಚಮ್ಮ ಮಾಡಿದ್ದು ಈಶ್ವರಿಗೆ ಅರ್ಥವಾಗಲಿಲ್ಲ. ಕಸದ ಡಬ್ಬಿಯಲ್ಲಿ ಹಿಂದಿನ ದಿನ ಬೇರೆ ಶಾಲೆಯಲ್ಲಿ ಮುಗಿದು ವಾಪಸು ಬಂದ ಖಾಲಿ ಸೀಸೆಯೊಂದಿತ್ತು. ಸುರೇಂದರನ ಒಪ್ಪಿಗೆ ಕೇಳಿ ಅದನ್ನು ತೆಗೆದುಕೊಂಡು, ಬೋರಲು ಹಾಕಿ, ತಳದಲ್ಲಿ ಉಳಿದಿದ್ದ ತೇವವನ್ನು ತಮ್ಮ ಎಡಗೈ ಕಿರುಬೆರಳಿಗೆ ಸವರಿಕೊಂಡರು. ನೀರಿನಂತೆ ಬಣ್ಣವಿಲ್ಲದ ತೇವ. ಬಟ್ಟೆಯಿಂದ ಒರೆಸಿದರು. ಬೆರಳು ಇದ್ದ ಹಾಗೇ ಇತ್ತು.

"ಟೈಮ್ ಎಷ್ಟಾತು ಈಶ್ವರಿ?"

"ಹನ್ನೆರಡೂವರೆ."

"ನೆನಪಿಟ್ಕೊ."

ಒಂದೂಕಾಲಿಗೆ ಮಕ್ಕಳು ಊಟಕ್ಕೆ ಕೂತಾಗ ಹೆಡ್ ಮಾಸ್ತರರು ಅಡುಗೆ ಕೋಣೆಯ ಕಟ್ಟೆಯ ಮೇಲೆ ಅನ್ನದ ಗಂಜಿಯನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಒಂದು ಅಗುಳೂ ಉಳಿಯದಂತೆ ಹಿಂಡಿ, ಊದಿ ಆರಿಸಿ, ಸ್ಟೀಲ್ ಡಬ್ಬಿಗೆ ತುಂಬಿದರು.

"ಅವ್ವಗರೀ," ಎಂದರು, ಈಶ್ವರಿ ನೋಡುತ್ತಿದ್ದುದನ್ನು ಕಂಡು. "ಲಕ್ವಾ ಹೊಡದು ನಾಕು ವರ್ಷಾತು. ನಾ ಯಾರಂತ ಗುರ್ತು ಸಿಗಂಗಿಲ್ಲ. ಆರು ದಿನದಿಂದ ಏನೂ ಅಗಿಯಂಗಿಲ್ಲ. ಗಂಜೀನೂ ಒಲ್ಲೆ ಅಂತಾಳ." ಡಬ್ಬಿಯನ್ನು ಚೀಲದಲ್ಲಿಟ್ಟು ಬೈಕು ಹತ್ತಿ ಮನೆಗೆ ಹೋದರು. ತಾಯಿಯನ್ನು ಹೀಗೆ ನೋಡಿಕೊಳ್ಳುವ ಮಗನಿರಬೇಕು ಎಂದು ಈಶ್ವರಿಯ ಕಣ್ಣು ತೇವವಾಯಿತು.

ಭಾಗ್ಯ ಅಂದು ಮಕ್ತಲ್‌ನಲ್ಲೇ ಉಳಿದಳು. ಊರಿಗೆ ಹೋಗುವ ಮನಸ್ಸು ಅವಳಿಗಿರಲಿಲ್ಲ. ಸಂಜೆ ಐದರ ಹೊತ್ತಿಗೆ ಬುಚ್ಚಮ್ಮ ಕಿರುಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಚಹಾ ಚೆಲ್ಲಿ ಒಣಗಿದಂತೆ ತೆಳ್ಳಗೆ ಕಂದು ಬಣ್ಣ ಮೂಡಿತ್ತು. ಬುಧವಾರ ಬೆಳಗ್ಗೆ ಅದೇ ಜಾಗ ಕಡುಕಪ್ಪು. ಸಾಬೂನು, ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೂ ಅಲ್ಲಾಡಲಿಲ್ಲ.

"ಹತ್ತು ದಿನ ಹೋಗಂಗಿಲ್ಲ ಇದು," ಎಂದರು. "ಚರ್ಮ ಸವದು ಹೋದಾಗ್ಲೇ ಹೋಗೂದು. ಈಶ್ವರಿ, ಇವತ್ತು ನಿನಗ ಒಂದು ಮಾತು ಕೇಳ್ತೀನಿ, ಎಲ್ಲಾರ ಮುಂದ. ಕಂಡದ್ದು ಕಂಡಂಗ ಹೇಳು. ನಿನಗ ಬ್ಯಾಸರ ಆಗ್ತೈತಿ. ಆದ್ರೂ ಹೇಳು."

ಅವರು ಶಾಲೆಗೆ ಬಂದಾಗ ಮೊಗುಲಮ್ಮ ಹೆಡ್ ಮಾಸ್ತರರಿಗೆ ಚಹಾ ಕೊಡುತ್ತಿದ್ದಳು. ಲೋಟಕ್ಕೆ ಚಾಚಿದ ಅವರ ಬಲಗೈಯ ಮೂರು ಬೆರಳುಗಳ ತುದಿ ಕಪ್ಪಾಗಿದ್ದವು.

"ಇದೇನ್ರಿ ಸಾರ್, ನೀವು ಮೂರು ಓಟು ಹಾಕಿದ್ರೇನು?" ಎಂದು ನಕ್ಕಳು ಮೊಗುಲಮ್ಮ.

ಅವರೂ ನಕ್ಕರು. "ಎಲೆಕ್ಷನ್ ಡ್ಯೂಟಿಗೆ ಹಾಕಿದ್ರಲ್ಲವ್ವ. ಭಾನುವಾರ ಶಾಯಿ ಸೀಸಿ ಚೆಲ್ಲಿತ್ತು."

ಹನ್ನೊಂದಕ್ಕೆ ಡಾಕ್ಟರ್ ನರೇಂದ್ರ ಬಂದರು. ನಿದ್ದೆಗೆಟ್ಟ ಕಣ್ಣಿನ, ತರುಣ ವಯಸ್ಸಿನ ದಂತವೈದ್ಯ. ಬುಚ್ಚಮ್ಮನ ಮಾತಿನ ಮೇರೆಗೆ ಎಲ್ಲರೂ ಆಫೀಸು ಕೋಣೆಯಲ್ಲಿ ಸೇರಿದರು. ಡಾಕ್ಟರು, ಸುರೇಂದರ್, ಹೆಡ್ ಮಾಸ್ತರರು, ಬಾಗಿಲಿಗೆ ಒರಗಿ ಮೊಗುಲಮ್ಮ. ಭಾಗ್ಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ. ಸುರೇಂದರ್ ಅದನ್ನು ಹಿಂದಿನ ದಿನವೇ ತೆಗೆಸಿಕೊಂಡಿದ್ದ.

"ಮೊದ್ಲ ಸುರೇಂದರ್ ಅವರ ಫೋನು," ಎಂದರು ಬುಚ್ಚಮ್ಮ. "ನಿನ್ನೆ ಮುಂಜಾನಿ ಫೋಟೋ ತಗದು ಡಾಕ್ಟರಿಗೆ ಕೊಡ್ರಿ. ಎಷ್ಟು ಸೀಸೆ ಅದಾವ್ರಿ ಡಾಕ್ಟರ?"

"ನಾಲ್ಕು. ಒಂಬತ್ತು ಮೂವತ್ತೆರಡಕ್ಕೆ ತೆಗೆದದ್ದು."

"ಚೀಟಿ ಹಿಡದ ಕೈ ನೋಡ್ರಿ. ದೊಡ್ಡದು ಮಾಡಿ ನೋಡ್ರಿ."

ಡಾಕ್ಟರು ಪರದೆಯ ಮೇಲೆ ಎರಡು ಬೆರಳು ಅಗಲಿಸಿದರು. ಹುಬ್ಬು ಮೇಲೇರಿತು. ಚೀಟಿ ಹಿಡಿದ ಮೂರು ಬೆರಳುಗಳ ತುದಿ ಆಗಲೇ ಕಪ್ಪಾಗಿದ್ದವು.

"ನಾಕೂ ಸೀಸೆ ಬೀರುದಾಗ ಇರೂವಾಗ್ಲೇ ಈ ಹುಡುಗಿ ಬೆರಳು ಕರ್ರಗ ಇದ್ವು," ಎಂದರು ಬುಚ್ಚಮ್ಮ. "ಕಳುವಾಗೂಕಿಂತ ಮೊದ್ಲ ಹತ್ತಿದ ಕಲೆ ಕಳುವಿಗೆ ಹೆಂಗ ಸಾಕ್ಷಿ ಆಗ್ತೈತಿ? ಸುರೇಂದರ್, ಸಾಕ್ಷಿ ನಿಮ್ಮ ಕಿಸೇದಾಗೇ ಇತ್ತು. ನೀವು ಸೀಸೆ ಎಣಿಸಿದ್ರಿ, ಕೈ ನೋಡಲಿಲ್ಲ."

ಸುರೇಂದರ್ ಫೋನನ್ನು ಮರಳಿ ತೆಗೆದುಕೊಂಡು ಬಹಳ ಹೊತ್ತು ನೋಡಿದ.

"ಆದರೆ ಕೀಲಿಕೈ?" ಎಂದರು ಡಾಕ್ಟರು.

"ಬರ್ತೀನಿ. ಅದಕಿಂತ ಮೊದ್ಲ ಇದು." ಬುಚ್ಚಮ್ಮ ಕಿರುಬೆರಳು ಎತ್ತಿದರು. "ನಿನ್ನೆ ಹನ್ನೆರಡೂವರಿಗೆ ಎಲ್ಲಾರ ಮುಂದ ಹಚ್ಚಿಕೊಂಡೆ. ಆಗ ಏನೂ ಕಾಣಲಿಲ್ಲ. ಸಂಜಿಗೆ ಚಹಾದ ಬಣ್ಣ, ಮುಂಜಾನಿಗೆ ಇದು. ದವಾಖಾನ್ಯಾಗ ಇದ್ದಾಗ ಬೆಳ್ಳಿ ಕಲತ ಔಷಧ ಕೈಗೆ ಹತ್ತಿಸಿಕೊಂಡು ನಾ ಸಾಕಷ್ಟು ಸಲ ಬೈಸಿಕೊಂಡೀನಿ. ಬೆಳಕು ಬಿದ್ದು, ತಾಸುಗಟ್ಲೆ ಹೋದ ಮ್ಯಾಲೆ ಮೈ ತೋರಸ್ತೈತಿ. ಹೌದಲ್ರಿ ಡಾಕ್ಟರ?"

"ಹೌದು. ನಮ್ಮ ವಿದ್ಯಾರ್ಥಿಗಳಿಗೂ ಮರುದಿನವೇ ಗೊತ್ತಾಗುವುದು."

"ಹಂಗಾದ್ರ ನಿನ್ನೆ ಸೀಸೆ ತಗದು ಔಷಧ ಮುಟ್ಟಿದೋರ ಕೈ ನಿನ್ನೆ ಸ್ವಚ್ಛ ಇರಬೇಕು, ಇವತ್ತು ಕರ್ರಗಾಗಬೇಕು. ನಾವೆಲ್ಲ ನಿನ್ನೆ ಕರಿ ಬೆರಳು ಹುಡುಕಿದ್ವಿ. ಹುಡುಕಬೇಕಾಗಿದ್ದು ಬಿಳಿ ಬೆರಳು." ಮೊಗುಲಮ್ಮನ ಕಡೆ ತಿರುಗಿದರು. "ಮೊಗುಲವ್ವ, ನಿನ್ನ ಕೈ ತೊಳಕೊಂಡು ಬಾ."

ಮೊಗುಲಮ್ಮ ಗೊಣಗುತ್ತ ಹೋಗಿ ತೊಳೆದು ಬಂದಳು. ಮಸಿ ಹೋಗಿ ಅಂಗೈ ಕೆಂಪಗಾಗಿತ್ತು. ಓಟಿನ ಗೆರೆಯೊಂದೇ ಉಳಿದಿತ್ತು.

"ಸುರೇಂದರ್ ಕೈ ನಿನ್ನೆನೂ ಸ್ವಚ್ಛ, ಇವತ್ತೂ ಸ್ವಚ್ಛ." ಬುಚ್ಚಮ್ಮನ ದನಿ ತಗ್ಗಿತು. "ಈಶ್ವರಿ, ನಿನ್ನೆ ನೀ ಬಂದು ಕೂತ ಕೂಡ್ಲೆ ಹೆಡ್ ಮಾಸ್ತರರು ಏನು ಕೊಟ್ರು ನಿನಗ?"

ಒಬ್ಬ ಮನುಷ್ಯ ತನಗೆ ಮಾಡಿದ ಉಪಕಾರವನ್ನು ಅವನ ವಿರುದ್ಧವೇ ಎತ್ತಿ ಹೇಳುವ ದಿನ ಬರುತ್ತದೆಂದು ಈಶ್ವರಿ ಎಣಿಸಿರಲಿಲ್ಲ. ಗೋಡೆಗೆ ಒರಗಿದ್ದ ಭಾಗ್ಯಳನ್ನು ನೋಡಿದರು.

"ಮೋಸಂಬಿ," ಎಂದರು. "ಸುಲಿದು, ಎಸಳು ಬಿಡಿಸಿ ಕೈಯಲ್ಲಿಟ್ಟರು. ಅವರ ಬಲಗೈ ಬೆರಳಿನಲ್ಲಿ ಸೀಮೆಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ನಾನು ಹತ್ತಿರದಿಂದ ನೋಡಿದ್ದೇನೆ."

"ಎಲೆಕ್ಷನ್ ಆಗಿದ್ದು ಭಾನುವಾರ," ಎಂದರು ಬುಚ್ಚಮ್ಮ. "ಓಟಿನ ಶಾಯಿನೂ ಬೆಳ್ಳೀದೇ. ಅವತ್ತು ಚೆಲ್ಲಿದ್ರ ಸೋಮವಾರ ಕರ್ರಗಿರಬೇಕು, ಮಂಗಳವಾರನೂ ಇರಬೇಕು. ಮಂಗಳವಾರ ಹನ್ನೆರಡಕ್ಕ ಸ್ವಚ್ಛ ಇದ್ದ ಬೆರಳಿಗೆ ಬುಧವಾರ ಭಾನುವಾರದ ಶಾಯಿ ಹತ್ತಂಗಿಲ್ಲ. ಮಾಸ್ತರ, ನಿಮ್ಮ ಬೀರು ಕೀಲಿಕೈ ಕೊಡ್ರಿ."

ಶೇಖರ್ ಜೇಬಿನಿಂದ ಕೀಲಿಗೊಂಚಲು ತೆಗೆದು ಮೇಜಿನ ಮೇಲಿಟ್ಟರು. ಬುಚ್ಚಮ್ಮ ಹಾಜರಿ ಬೀರುವಿನ ಕೀಲಿಯನ್ನು ಆರಿಸಿ ಔಷಧದ ಬೀರುವಿಗೆ ಹಾಕಿ ತಿರುಗಿಸಿದರು. ಸುರೇಂದರ್ ಅಂಟಿಸಿದ್ದ ಕಾಗದದ ಸೀಲು ಹರಿದು ಬಾಗಿಲು ತೆರೆದುಕೊಂಡಿತು.

"ಒಬ್ಬ ದಾನಿ, ಒಂದೇ ಅಂಗಡಿ, ಒಂದೇ ಜೋಡಿ. ಅಗ್ಗದ ಬೀರುಗಳಿಗೆ ಒಂದೇ ಕೀಲಿ ಹಾಕಿ ಕೊಡ್ತಾರ. ಈ ಸಾಲ್ಯಾಗ ಹನ್ನೊಂದು ವರ್ಷ ಇದ್ದೋರಿಗೆ ಅದು ಗೊತ್ತಿರ್ತೈತಿ. ನೀವು ಸೀಸೆ ತಗೊಂಡಿದ್ದು ಹತ್ತರ ಸುಮಾರಿಗೆ. ಆದ್ರ ಮುಚ್ಚಳ ತಗದಿದ್ದು ಒಂದೂವರಿಗೆ, ಗಂಜಿ ಡಬ್ಬಿ ತಗೊಂಡು ಮನಿಗೆ ಹೋದಾಗ. ಅದಕ್ಕ ಮೋಸಂಬಿ ಸುಲಿಯೂವಾಗ ಕೈ ಬೆಳ್ಳಗಿದ್ವು. ಆರು ದಿನದಿಂದ ಅಗಿಯದ ಬಾಯಿ ಆ ಮನ್ಯಾಗ ಐತಿ."

ಶೇಖರ್ ಚೀಲದ ಒಳಜೇಬಿನಿಂದ ಒಂದು ಚಿಕ್ಕ ಕಂದು ಸೀಸೆಯನ್ನು ತೆಗೆದರು. ಸುತ್ತಿದ್ದ ಕರವಸ್ತ್ರದ ತುಂಬ ಕಪ್ಪು ಕಲೆಗಳು.

"ಮೂರೇ ಹನಿ ಹಚ್ಚೀನ್ರಿ," ಎಂದರು ಡಾಕ್ಟರಿಗೆ. "ಅವ್ವ ಕಿಷ್ಟಮ್ಮ. ಬೇರಿಗೇ ಹುಳುಕು ಹತ್ತೇತಿ. ಗದ್ವಾಲಕ್ಕ ಒಯ್ದೆ. ಬಾಯಿ ತಗಿಯಂಗಿಲ್ಲ, ಬೆರಳು ಇಟ್ರ ಕಚ್ಚತಾಳ. ಅರವಳಿಕಿ ಕೊಟ್ಟು ಹಲ್ಲು ಕಿತ್ತಬೇಕು, ಈ ವಯಸ್ಸಿಗೆ ತಡಕೊಳ್ಳೂದು ಕಷ್ಟ ಅಂದ್ರು. ಇಲ್ಲಿ ಮೂರು ತಿಂಗಳಿಂದ ನೋಡ್ತೀನಿ. ಒಂದು ಹನಿ ಸವರಿದ್ರ ಅಳೂ ಕೂಸು ಮರುದಿನ ಶೇಂಗಾ ತಿಂತೈತಿ. ಸುರೇಂದರ್ ಅವರನ್ನ ಕೇಳಿದೆ."

"ಕೇಳಿದ್ರು," ಎಂದ ಸುರೇಂದರ್ ನೆಲ ನೋಡುತ್ತ. "ಲಿಸ್ಟಿನಾಗ ಹೆಸರಿಲ್ಲ ಅಂದೆ. ನಿಮಗ ಒಂದು ಮಾತು ಹೇಳಬೇಕು ಅಂತ ಹೊಳೀಲಿಲ್ಲ ಸಾರ್."

"ಹೇಳಿದ್ದರೆ ನಾನೇ ಬಂದು ನೋಡುತ್ತಿದ್ದೆ," ಎಂದರು ಡಾಕ್ಟರು. "ಅಧ್ಯಯನದ ಸೀಸೆ ಬೇರೆ. ಇದೇ ಔಷಧ ನನ್ನ ಚೀಲದಲ್ಲೂ ಇರುತ್ತದೆ. ಅದು ಯಾವ ಪಟ್ಟಿಯನ್ನೂ ಕೇಳುವುದಿಲ್ಲ." ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಮುಚ್ಚಳ ಬಿಗಿಮಾಡಿ ಪಕ್ಕಕ್ಕಿಟ್ಟರು. "ಅವರು ನುಂಗಿಲ್ಲ ತಾನೇ? ವಾಂತಿ, ಹೊಟ್ಟೆನೋವು ಏನಾದರೂ?"

"ಇಲ್ರಿ. ತುಟಿ ಅಷ್ಟ ಕಪ್ಪಾಗೇತಿ. ನಿನ್ನೆ ಸಂಜಿಗೆ ಗಂಜಿ ಕುಡದ್ಲು."

ಬುಚ್ಚಮ್ಮ ಅವರ ಎದುರಿನ ಕುರ್ಚಿ ಎಳೆದುಕೊಂಡು ಕೂತರು. "ಮಾಸ್ತರ, ಸೀಸೆ ತಗೊಂಡಿದ್ದು ನನಗ ತಿಳೀತೈತಿ. ತಿಳೀದೇ ಇರೂದು ಇನ್ನೊಂದು. ಈ ಹುಡುಗಿನ್ನ ಕಳ್ಳಿ ಅಂದಾಗ ನೀವು ಇದೇ ಸಾಲ್ಯಾಗ ಇದ್ರಿ. ಚಪ್ಪಲಿ ಕೊಟ್ರಿ. ಬಾಯಿ ಬಿಡಲಿಲ್ಲ."

"ಸಂಜಿಗೆ ತಿರಿಗಿ ಇಟ್ಟುಬಿಡೂಣು ಅಂದುಕೊಂಡಿದ್ದೆ," ಎಂದರು ಶೇಖರ್. "ಬಂದು ನೋಡಿದ್ರ ಬೀರುಗೆ ಕಾಗದದ ಸೀಲು ಅಂಟಿಸಿದ್ರು. ಆಮ್ಯಾಲೆ ಅಂಜಿಕಿ ಬಂತ್ರಿ. ಇಪ್ಪತ್ತಾರು ವರ್ಷದ ನೌಕರಿ. ಹೆಡ್ ಮಾಸ್ತರ ಕಳ್ಳ ಅಂದ್ರ ಮಕ್ಕಳ ಮುಂದ ಹೆಂಗ ನಿಲ್ಲೂದು ಅಂತ."

"ನನಗೂ ಅದೇ ಮಕ್ಕಳ್ರಿ," ಎಂದಳು ಭಾಗ್ಯ. ಅವಳ ಬಾಯಿಂದ ಆ ಕೋಣೆಯಲ್ಲಿ ಹೊರಟ ಮೊದಲ ಮಾತು ಅದು.

ಸುರೇಂದರ್ ಗುರುತಿನ ಚೀಟಿಯನ್ನು ಜೇಬಿನಿಂದ ತೆಗೆದು ಎರಡೂ ಕೈಯಿಂದ ಅವಳಿಗೆ ಚಾಚಿದ. ತಪ್ಪಾಯಿತೆಂದ. ಅವಳು ತೆಗೆದುಕೊಳ್ಳಲಿಲ್ಲ.

"ಕಂಪ್ಲೇಂಟು ಕೊಡೋದು ಬಿಡೋದು ನಿಮ್ಮ ಮೇಲಿದೆ ಭಾಗ್ಯ," ಎಂದರು ಡಾಕ್ಟರು. "ಸೀಸೆ ತೆರೆದದ್ದನ್ನು ನಾನು ಕಾಲೇಜಿಗೆ ಬರೆಯಲೇಬೇಕು. ಅದನ್ನು ಮುಚ್ಚಿಡಲಾರೆ. ಉಳಿದದ್ದು ನೀವು ಹೇಳಿದಂತೆ."

"ಕಂಪ್ಲೇಂಟು ಬ್ಯಾಡ್ರಿ ಸಾರ್. ನಿನ್ನೆ ನನ್ನ ಹೆಸರು ಹೋಗಿದ್ದು ಅಂಗಳದಾಗ, ಎಲ್ಲಾ ಮಕ್ಕಳ ಮುಂದ. ನೀರಿಗೆ ಬಂದ ಹೆಂಗಸರು ನಿಂತು ನೋಡಿದ್ರು. ಬರೂದೂ ಅಲ್ಲೇ ಬರಬೇಕು. ಈ ಕೋಣ್ಯಾಗ ಬಂದ್ರ ನನಗ ಸಾಲಂಗಿಲ್ಲ." ಅವಳು ಶೇಖರ್ ಅವರ ಕಡೆ ನೋಡಿದಳು. "ನೀವೇ ಹೇಳ್ರಿ ಸಾರ್. ನಿಮ್ಮ ಬಾಯಿಂದ."

ಮೊಗುಲಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಶೇಖರ್ ತಲೆಯಾಡಿಸಿದರು.

ಗುರುವಾರ ಬೆಳಗಿನ ಪ್ರಾರ್ಥನೆಗೆ ಬುಚ್ಚಮ್ಮ, ಈಶ್ವರಿ ಇಬ್ಬರೂ ಬಂದಿದ್ದರು. ಡಾಕ್ಟರೂ ಊರಲ್ಲೇ ಉಳಿದಿದ್ದರು. ಕಾಂಪೌಂಡಿನ ಆಚೆ ಬಿಂದಿಗೆ ಹಿಡಿದ ಹೆಂಗಸರು, ಬೀಡಿ ಆರಿಸಿದ ಗಂಡಸರು. ಶೇಖರ್ ರಾತ್ರಿಯೆಲ್ಲ ಕೂತು ಮೇಲಿನ ಅಧಿಕಾರಿಗೆ ಬರೆದ ಕಾಗದ ಅವರ ಜೇಬಿನಿಂದ ಇಣುಕುತ್ತಿತ್ತು. ಹಾಡು ಮುಗಿದ ಮೇಲೆ ಅವರು ಮುಂದೆ ಬಂದು ನಿಂತರು.

"ಮಕ್ಕಳೇ, ಮೊನ್ನೆ ಬೆಳ್ಳಿ ನೀರಿನ ಸೀಸೆ ಕಳುವಾಯಿತಲ್ಲ, ಅದನ್ನು ಭಾಗ್ಯ ಅಕ್ಕ ತೆಗೆದಿರಲಿಲ್ಲ. ತೆಗೆದವನು ನಾನು. ನನ್ನ ಅವ್ವನಿಗೆ ಹಲ್ಲು ನೋವಿತ್ತು, ಅದಕ್ಕೆ ತೆಗೆದೆ. ಅದು ತಪ್ಪು. ಭಾಗ್ಯ ಅಕ್ಕನನ್ನು ಬೈಯುತ್ತಿದ್ದಾಗ ನಾನು ಸುಮ್ಮನೆ ನಿಂತಿದ್ದೆ. ಅದು ಇನ್ನೂ ದೊಡ್ಡ ತಪ್ಪು. ಅಕ್ಕನ ಹತ್ತಿರ ನಿಮ್ಮೆಲ್ಲರ ಮುಂದೆ ಕ್ಷಮೆ ಕೇಳುತ್ತೇನೆ."

ಅವರು ಕೈ ಮುಗಿದರು. ಕಪ್ಪು ಬೆರಳುಗಳನ್ನು ಎಲ್ಲರೂ ನೋಡಿದರು. ಗೋಡೆಯಾಚೆ ಒಬ್ಬ ಮುದುಕ ಏನೋ ಹೇಳಹೋಗಿ ಅವನ ಹೆಂಡತಿಯ ಮೊಣಕೈ ತಾಗಿ ಸುಮ್ಮನಾದ. ಆಗ ಮುಂದಿನ ಸಾಲಿನ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸಾರ್, ಅವ್ವನ ಬ್ಯಾನಿ ಹೋತೇನ್ರಿ?"

ಶೇಖರ್ ಕನ್ನಡಕ ತೆಗೆದು ಹಿಡಿದುಕೊಂಡರು.

ಭಾಗ್ಯ ಸಾಲಿನ ಪಕ್ಕದಿಂದ ನಡೆದು ಬಂದು ಸುರೇಂದರನ ಮುಂದೆ ಕೈ ಚಾಚಿದಳು. ಅವನು ಗುರುತಿನ ಚೀಟಿಯನ್ನು ಅವಳ ಅಂಗೈಯಲ್ಲಿಟ್ಟ. ಅದನ್ನು ಕೊರಳಿಗೆ ಹಾಕಿಕೊಂಡು ಆ ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತಳು.

"ಅರ್ಧ ಹೋಗೇತವ್ವ," ಎಂದಳು. "ಉಳಿದರ್ಧ ಇವತ್ತು ಡಾಕ್ಟರ್ ಸಾರೂ ನಾನೂ ಹೋಗಿ ನೋಡ್ತೀವಿ."